ತೂಕಡಿಕೆಗೆ ಅಳತೆಗೋಲು

ಕ್ಯಾಲನೂರಿನ ಕಡೆ ಮುದ್ದೆ ಉಂಡು ಜಗಲಿಯಲ್ಲಿ ತೂಕಡಿಸುವವರನ್ನು ಯಾರೂ ರೋಗಿ ಎನ್ನುವುದಿಲ್ಲ. ಕೋಲಾರದ ಟೊಮೆಟೊ ಹೊತ್ತ ಲಾರಿಯ ಚಾಲಕ ತೂಕಡಿಸಿದರೆ ಮಾತು ಬೇರೆ.

ಇದೇ ಸೀಮೆಯ ಕೆಜಿಎಫ್ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಅಲ್ಲಿ ಪಾಳಿಯಲ್ಲಿ ದುಡಿದವರ ನಿದ್ದೆಗಣ್ಣನ್ನು ಅಳೆಯುವ ಪರೀಕ್ಷೆ ಮಾತ್ರ ಆಗ ಜಗತ್ತಿನಲ್ಲೆಲ್ಲೂ ಇರಲಿಲ್ಲ.

ಅದು ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. ಮೇರಿ ಕಾರ್ಸ್‌ಕಡನ್ ಮತ್ತು ವಿಲಿಯಂ ಡಿಮೆಂಟ್ ರೂಪಿಸಿದ ವಿಧಾನ ಸರಳ: ಎರಡೆರಡು ಗಂಟೆಗೊಮ್ಮೆ ಕತ್ತಲ ಕೋಣೆಯಲ್ಲಿ ಮಲಗಿಸಿ, ತಲೆಗೆ ತಂತಿ ಅಂಟಿಸಿ, ಎಷ್ಟು ನಿಮಿಷಕ್ಕೆ ನಿದ್ದೆ ಬಂತೆಂದು ನೋಡುವುದು. 1982ರಲ್ಲಿ ಇದಕ್ಕೆ ತದ್ವಿರುದ್ಧವಾದ ಪರೀಕ್ಷೆಯೊಂದು ಬಂತು. ಅದರಲ್ಲಿ ಮಂದಬೆಳಕಿನಲ್ಲಿ ಕೂತು ಎಚ್ಚರವಿರಬೇಕು. ನಿದ್ದೆಗೆ ಜಾರುವ ಗುಣವೂ ನಿದ್ದೆ ತಡೆಯುವ ಶಕ್ತಿಯೂ ಒಂದೇ ಅಲ್ಲವಲ್ಲ!

1991ರಲ್ಲಿ ಮೆಲ್ಬರ್ನ್‌ನ ಮರ್ರೆ ಜಾನ್ಸ್ ತೂಕಡಿಕೆ ಅಳೆಯಲು ಎಂಟು ಪ್ರಶ್ನೆಗಳ ಎಪ್‌ವರ್ತ್ ಮಾಪಕ ಕೊಟ್ಟರು. ಗರಿಷ್ಠ ಅಂಕ 24. ಹತ್ತು ದಾಟಿದರೆ ಅತಿ ತೂಕಡಿಕೆ. ಖರ್ಚಿಲ್ಲ, ಆದ್ದರಿಂದಲೇ ಜನಪ್ರಿಯ. ಆದರೆ ಕಾರು, ಟಿವಿ, ಓದು ಎಂದೆಲ್ಲ ಕೇಳುವ ಪ್ರಶ್ನೆಗಳು ಹೊಲದಲ್ಲಿ ದುಡಿಯುವವರಿಗೆ ಎಷ್ಟು ಹೊಂದುತ್ತವೆ?

ಸಂಶೋಧನೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾಪಕದ ಅಂಕಕ್ಕೂ ಪ್ರಯೋಗಾಲಯದ ನಿಮಿಷಗಳಿಗೂ ನಂಟು ಸಡಿಲವೆಂದು ಕಂಡಿತು. ಆರೋಗ್ಯವಂತರ ಮತ್ತು ರೋಗಿಗಳ ಫಲಿತಾಂಶಗಳೂ ಒಂದರೊಳಗೊಂದು ಬೆರೆತಿದ್ದವು. ಹಾಗಾಗಿ 2005ರ ಅಮೆರಿಕನ್ ಮಾರ್ಗಸೂಚಿ, ಪರೀಕ್ಷೆಯ ಅಂಕಿಯನ್ನು ರೋಗಿಯ ಪೂರ್ವಚರಿತ್ರೆಯ ಜೊತೆಗಿಟ್ಟೇ ಓದಬೇಕೆಂದಿತು. ಚಾಲಕನೊಬ್ಬ ಲಾರಿ ಓಡಿಸಬಹುದೇ ಎಂಬುದನ್ನು ಇವುಗಳಲ್ಲಿ ಯಾವ ಪರೀಕ್ಷೆಯೂ ತಾನೊಂದೇ ನಿರ್ಧರಿಸಲಾರದು.