ಹತ್ತೊಂಬತ್ತು ಒಂದುಗಳ ಅವಿಭಾಜ್ಯ ಸಂಖ್ಯೆ

1111111111111111111. ಒಂದು ಎಂಬ ಅಂಕಿಯನ್ನು 19 ಬಾರಿ ಬರೆದಾಗ ದೊರೆಯುವ ಈ ಸಂಖ್ಯೆಯನ್ನು ಒಂದು ಹಾಗೂ ಅದೇ ಸಂಖ್ಯೆಯ ಹೊರತು ಬೇರಾವ ಪೂರ್ಣಾಂಕವೂ ಶೇಷವಿಲ್ಲದೆ ಭಾಗಿಸಲಾರದು. ಒಂದುಗಳಿಂದಷ್ಟೇ ಕೂಡಿದ ಅವಿಭಾಜ್ಯ ಸಂಖ್ಯೆಗಳಲ್ಲಿ 11 ಮೊದಲನೆಯದು, ಇದು ಎರಡನೆಯದು. ನಡುವಿನವೆಲ್ಲ ಒಡೆಯುತ್ತವೆ: 111 ಎಂದರೆ 3×37, 11111 ಎಂದರೆ 41×271.

ಕನ್ನಡ ನಾಡಿನ ನಂಟು

ಇಂತಹ ಸಂಖ್ಯೆಗಳ ಕುರಿತ ಕುತೂಹಲ ಈ ನಾಡಿಗೆ ಹೊಸತಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದೇವಾಲಯ ನಿರ್ಮಾಣವಾದದ್ದು ಕ್ರಿ.ಶ. 1112ರಲ್ಲಿ. ಅದಕ್ಕೂ ಸುಮಾರು ಎರಡೂವರೆ ಶತಮಾನ ಮೊದಲು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಡದಿಂದ ಓದಿದರೂ ಬಲದಿಂದ ಓದಿದರೂ ಬದಲಾಗದ ಗುಣಲಬ್ಧಗಳನ್ನು ಆ ಗ್ರಂಥ ಕೊರಳಹಾರಕ್ಕೆ ಹೋಲಿಸುತ್ತದೆ. 12345679×9=111111111 ಮತ್ತು 142857143×7=1000000001 ಅಂತಹ ಎರಡು ಲೆಕ್ಕಗಳು.

ಈ ಎರಡು ಹಾರಗಳನ್ನು ಪರಸ್ಪರ ಗುಣಿಸಿದರೆ 18 ಒಂದುಗಳ ಸಂಖ್ಯೆ ದೊರೆಯುತ್ತದೆ. 19 ಒಂದುಗಳ ಸಂಖ್ಯೆಯನ್ನು ಮಹಾವೀರಾಚಾರ್ಯ ಪರಿಶೀಲಿಸಿರಲಿಲ್ಲ. ಆದರೆ ಅದು ಅವಿಭಾಜ್ಯವೆಂದು ಸಾಧಿಸುವ ಒಂದು ದಾರಿ ಇಲ್ಲಿಂದಲೇ ಹಾದುಹೋಗುತ್ತದೆ.

ಲಕ್ಷಣಗಳು

19 ಒಂದುಗಳ ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದು 18 ಒಂದುಗಳ ಹತ್ತರಷ್ಟು. ಆ 18 ಒಂದುಗಳು 3×3×7×11×13×19×37×52579×333667 ಎಂದು ಪೂರ್ಣವಾಗಿ ಒಡೆಯುತ್ತವೆ. ಹೀಗೆ ಒಂದು ಕಡಿಮೆಯಾದ ಸಂಖ್ಯೆಯ ಅಪವರ್ತನಗಳೆಲ್ಲ ತಿಳಿದಿದ್ದರೆ ಮೂಲ ಸಂಖ್ಯೆಯ ಅವಿಭಾಜ್ಯತೆಯನ್ನು ಸಾಧಿಸಬಹುದೆಂಬುದು ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯುಕಾನ ತತ್ತ್ವ.

ನೇರವಾಗಿ ಭಾಗಿಸಿ ನೋಡುವುದಾದರೆ ಸುಮಾರು 105 ಕೋಟಿಯವರೆಗಿನ ಭಾಜಕಗಳನ್ನು ಪರೀಕ್ಷಿಸಬೇಕು. ಆದರೆ ಅಪವರ್ತನವೊಂದು ಇದ್ದಿದ್ದರೆ ಅದನ್ನು 38ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕಿತ್ತು. ಹೀಗಾಗಿ ಪರೀಕ್ಷಿಸಬೇಕಾದವು ಸುಮಾರು 2 ಕೋಟಿ 77 ಲಕ್ಷಕ್ಕೆ ಇಳಿಯುತ್ತವೆ.

ಒಂದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ದಶಮಾಂಶ ಬಿಂದುವಿನ ನಂತರ 18 ಸೊನ್ನೆ, ಒಂದು ಒಂಬತ್ತು ಎಂಬ ಕ್ರಮ ಕೊನೆಯಿಲ್ಲದೆ ಮರಳುತ್ತದೆ. 19 ಅಂಕಿಗಳ ಆವರ್ತವುಳ್ಳ ಅವಿಭಾಜ್ಯ ಸಂಖ್ಯೆ ಇದೊಂದೇ.

ಸಂಶಯ ಮತ್ತು ಸಾಧನೆ

ಒಂದುಗಳ ಎಣಿಕೆ ಅವಿಭಾಜ್ಯವಾಗಿದ್ದರೆ ಮಾತ್ರ ಸಂಖ್ಯೆಯೂ ಅವಿಭಾಜ್ಯವಾಗಬಲ್ಲದು. ಆದರೆ ಅಷ್ಟೇ ಸಾಲದು. 7 ಒಂದುಗಳ ಸಂಖ್ಯೆ 239×4649 ಎಂದು ಒಡೆಯುತ್ತದೆ. 19ರ ನಂತರ 23, 317, 1031 ಒಂದುಗಳ ಸಂಖ್ಯೆಗಳು ಅವಿಭಾಜ್ಯವೆಂದು ಸಿದ್ಧವಾದವು. 49081 ಒಂದುಗಳದ್ದು 2022ರಲ್ಲಿ, 86453 ಒಂದುಗಳದ್ದು 2023ರಲ್ಲಿ ಸಾಧಿತವಾಯಿತು.

ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು ಊಹೆಯ ನೆರವಿಲ್ಲದೆ, ಅಂಕಿಗಳ ಎಣಿಕೆಗೆ ತಕ್ಕ ಮಿತಿಯೊಳಗೆ ನಿರ್ಣಯಿಸಬಹುದೆಂದು 2002ರಲ್ಲಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು.

ಆದರೂ ಮಿತಿಗಳಿವೆ. 2021ರಲ್ಲಿ ಪತ್ತೆಯಾದ 81,77,207 ಒಂದುಗಳ ಸಂಖ್ಯೆ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಿ 'ಬಹುತೇಕ ಅವಿಭಾಜ್ಯ' ಎನಿಸಿಕೊಂಡಿದೆ. ಅದರ ಅಪವರ್ತನ ಯಾರಿಗೂ ಸಿಕ್ಕಿಲ್ಲ, ಇಲ್ಲವೆಂಬ ಸಾಧನೆಯೂ ದೊರೆತಿಲ್ಲ. ಗಣಿತದಲ್ಲಿ ಇವೆರಡೂ ಒಂದೇ ಅಲ್ಲ.