ದುರಂತನಾಯಕ ಮತ್ತು ಅನಾಯಕ
(ಬಾನುಲಿ ಭಾಷಣ)

ಸೋತವರೆಲ್ಲ ದುರಂತನಾಯಕರಲ್ಲ. ಆದರೂ ಕಾದಂಬರಿಯ ಕೊನೆಯಲ್ಲಿ ಒಬ್ಬನು ಕುಸಿದುಬಿದ್ದರೆ ಸಾಕು, ಆ ಬಿರುದನ್ನು ಅವನಿಗೆ ಧಾರಾಳವಾಗಿ ಕೊಟ್ಟುಬಿಡುತ್ತೇವೆ. ಬಿರುದಿಗೆ ಒಂದು ಚರಿತ್ರೆಯಿದೆ. ಅದನ್ನು ತುಸು ನೋಡೋಣ.

ನಮ್ಮ ಅಲಂಕಾರಶಾಸ್ತ್ರ ನಾಯಕನನ್ನೂ ಬಲ್ಲದು, ಅವನ ಎದುರಾಳಿಯಾದ ಪ್ರತಿನಾಯಕನನ್ನೂ ಬಲ್ಲದು. ದುರಂತನಾಯಕನ ಕಲ್ಪನೆ ಗ್ರೀಕರದು. ಅದನ್ನು ಕನ್ನಡಕ್ಕೆ ತಂದವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಪ್ರಮುಖರು. ಸಾಫೊಕ್ಲಿಸನ 'ಏಜಾಕ್ಸ್' ಅವರ ಕೈಯಲ್ಲಿ 'ಅಶ್ವತ್ಥಾಮನ್' ಆದದ್ದು 1929ರಲ್ಲಿ. ಅದಕ್ಕೂ ಮೊದಲೇ, 1926ರಲ್ಲಿ, ರನ್ನನ ಕಾವ್ಯ 'ಗದಾಯುದ್ಧ ನಾಟಕ'ವಾಗಿತ್ತು.

ರನ್ನನ ಆಯ್ಕೆ ಅಲ್ಲಿ ಸಹಜವೇ ಆಗಿತ್ತು. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಆ ಕಾವ್ಯಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರೂ ಉಂಟು. ಆದರೆ ಓದುಗನ ಮನಸ್ಸು ದುರ್ಯೋಧನನ ಬೆನ್ನುಹತ್ತಿ ಹೋಗುತ್ತದೆ. ಅವನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಎದುರು ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ತಂದೆತಾಯಿಗಳು ಸಂಧಿಯ ಮಾತೆತ್ತಿದರೂ ಒಪ್ಪುವುದಿಲ್ಲ. ನೆಲದ ಆಸೆ ತೀರಿದೆ, ಛಲ ಉಳಿದಿದೆ. ಭೀಷ್ಮನ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರವನ್ನು ಹೊಕ್ಕವನು ಭೀಮನ ಆರ್ಭಟಕ್ಕೆ ಹೊರಬರುತ್ತಾನೆ. ಹಿಂದಿರುಗುವ ದಾರಿ ತೆರೆದಿತ್ತು, ಅವನು ಹಿಂದಿರುಗಲಿಲ್ಲ. ಅವನನ್ನು ಎತ್ತಿದ ಛಲವೇ ಅವನನ್ನು ಕೆಡವಿತು.

ಇನ್ನು 'ಆಂಟಿ-ಹೀರೋ'. ಇವನನ್ನು ಪ್ರತಿನಾಯಕನೆಂದರೆ ಅರ್ಥ ಕೆಡುತ್ತದೆ. ಅನಾಯಕನೆನ್ನುವುದು ಮೇಲೆಂದು ನನ್ನ ಭಾವನೆ. 1864ರಷ್ಟು ಹಿಂದೆಯೇ ದಾಸ್ತಯೇವ್‌ಸ್ಕಿಯ ನೆಲಮಾಳಿಗೆಯ ನಿರೂಪಕ ಇಂಥವನಾಗಿ ಮಾತಾಡಿದ್ದ. ಕನ್ನಡದಲ್ಲಿ ಇವನಿಗೆ ನೆಲೆ ಕೊಟ್ಟದ್ದು ನವ್ಯ ಸಾಹಿತ್ಯ. ಯಶವಂತ ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪನನ್ನು ನೋಡಿ. ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಕೆಲಸದಿಂದ ಅವನನ್ನು ಅಮಾನತಿನಲ್ಲಿಟ್ಟಿದ್ದಾರೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಏತಕ್ಕೆ ಎಂಬುದೇ ಅವನ ತಳಮಳ. ದುರ್ಯೋಧನ ಸಂಧಿಯನ್ನು ತಿರಸ್ಕರಿಸಿದ. ನಾಗಪ್ಪನೊಡನೆ ಸಂಧಿಯ ಮಾತಾಡುವವರೇ ಇಲ್ಲ.

ಹಾಗಾದರೆ ಭೇದ ಒಳ್ಳೆಯತನದ್ದಲ್ಲ. ದ್ಯೂತಸಭೆಯ ದುರ್ಯೋಧನನಷ್ಟು ಕೇಡನ್ನು ನಾಗಪ್ಪ ಎಸಗಿಲ್ಲ. ಭೇದವಿರುವುದು ಬೀಳುವಿಕೆಯನ್ನು ಅಳೆಯುವ ಕೋಲಿನಲ್ಲಿ. ಕ್ಷಾತ್ರವೆಂಬ ಅಳತೆಯನ್ನು ದುರ್ಯೋಧನನೂ ಅವನ ಶತ್ರುಗಳೂ ಒಪ್ಪಿದ್ದಾರೆ. ಆದ್ದರಿಂದ ಅವನ ಪತನಕ್ಕೆ ಎತ್ತರವುಂಟು. ನಾಗಪ್ಪ ಬದುಕುವ ಲೋಕದಲ್ಲಿ ಎಲ್ಲರೂ ಒಪ್ಪಿದ ಕೋಲಿಲ್ಲ. ತನ್ನ ನೆನಪುಗಳನ್ನೇ ಕೆದಕಿ ಅವನು ಅದನ್ನು ಹುಡುಕಬೇಕು.

ನಾಗಪ್ಪನನ್ನು ದುರಂತನಾಯಕನೆಂದು ಕರೆದರೆ, ಅವನನ್ನು ಹಿಂಡಿದ ಮುಖವಿಲ್ಲದ ವ್ಯವಸ್ಥೆ ವಿಧಿಯ ಸೆರಗಿನಲ್ಲಿ ಮರೆಯಾಗುತ್ತದೆ. ದುರ್ಯೋಧನನನ್ನು ಅನಾಯಕನೆಂದರೆ ಅವನು ನಮ್ಮಷ್ಟೇ ಗಾತ್ರಕ್ಕೆ ಕುಗ್ಗುತ್ತಾನೆ. ಒಬ್ಬನ ಮುಂದೆ ಬೆರಗಾಗಬೇಕು, ಇನ್ನೊಬ್ಬನ ಪಕ್ಕದಲ್ಲಿ ನಿಲ್ಲಬೇಕು. ಓದುಗನಿಂದ ಎರಡು ಬೇರೆ ಬೇರೆ ಧರ್ಮಗಳನ್ನು ಈ ಇಬ್ಬರೂ ಬೇಡುತ್ತಾರೆ.