ಸಿಂಪ್ಯೂಟರು ಮತ್ತು ದಾಖಲೆಯ ಒಡೆತನ

ಹಿಂದೆ ನಮ್ಮ ಹಳ್ಳಿಗಳಲ್ಲಿ ಜಮೀನಿನ ಲೆಕ್ಕವು ಶಾನುಭೋಗರ ವಶದಲ್ಲಿತ್ತು. ಭೂಮಿಯು ರೈತನದಾದರೂ ಅದರ ದಾಖಲೆಗಾಗಿ ಅವನು ಮತ್ತೊಬ್ಬರ ಬಾಗಿಲಿಗೆ ಹೋಗಬೇಕಾಗಿತ್ತು. 1961ರ ಶಾಸನವು ವಂಶಪಾರಂಪರ್ಯದ ಆ ಹುದ್ದೆಯನ್ನು ರದ್ದುಗೊಳಿಸಿತು. ಆದರೆ ದಾಖಲೆಯು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಉಳಿಯಿತು. ಬೆಂಗಳೂರಿನಲ್ಲಿ ಹುಟ್ಟಿದ ಸಿಂಪ್ಯೂಟರು ಇದಕ್ಕೆ ಕೊಟ್ಟ ಉತ್ತರವು ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾಗಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಅಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಜ್ಞರೂ ಕೂಡಿ ರೂಪಿಸಿದ ಈ ಅಂಗೈಗಣಕದ ಮೊದಲ ಮಾದರಿಯು 2001ರಲ್ಲಿ ಪ್ರಕಟವಾಯಿತು. ಬಡವನಿಗೆ ಸ್ವಂತ ಯಂತ್ರವನ್ನು ಕೊಳ್ಳುವ ಶಕ್ತಿಯಿಲ್ಲ. ಆದುದರಿಂದ ಒಂದೇ ಯಂತ್ರವನ್ನು ಹಲವರು ಬಳಸಲಿ, ಪ್ರತಿಯೊಬ್ಬನ ವಿವರಗಳು ಮಾತ್ರ ಅವನವನ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದೇ ಅವರ ಯೋಜನೆ. ಕಾರ್ಡನ್ನು ತೂರಿಸಿದಾಗ ಯಂತ್ರವು ಅವನದಾಗುತ್ತಿತ್ತು. ತೆಗೆದೊಡನೆ ಮುಂದಿನವನಿಗೆ ಸಿದ್ಧವಾಗುತ್ತಿತ್ತು. ಅಕ್ಷರ ಬಾರದವರಿಗಾಗಿ ಬರಹವನ್ನು ದೇಶಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡೂ ಇತ್ತು.

ಕರ್ನಾಟಕ ಸರ್ಕಾರವು ಭೂದಾಖಲೆಯ ಕೆಲಸದಲ್ಲಿ ಇದನ್ನು ಬಳಸಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೆ ಬಂದಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಗ್ಗದ ಮೊಬೈಲು ಫೋನು ಅದರ ಸ್ಥಾನವನ್ನು ಆಕ್ರಮಿಸಿತು.

ಇದನ್ನು ಕೇವಲ ಸೋಲೆಂದು ಬಗೆಯುವುದು ಯುಕ್ತವಲ್ಲ. ಇಂದು ಯಂತ್ರವು ನಮ್ಮ ಜೇಬಿನಲ್ಲಿದೆ. ವಿವರಗಳಾದರೋ ಬಹುಪಾಲು ದೂರದ ಸಂಸ್ಥೆಗಳ ಭಂಡಾರಗಳಲ್ಲಿವೆ. ಶಾನುಭೋಗರ ಮನೆಯ ಬಾಗಿಲು ರೈತನಿಗೆ ಗೊತ್ತಿತ್ತು. ಈ ಭಂಡಾರಗಳ ಬಾಗಿಲು ನಮಗೆ ತಿಳಿಯದು. ಯಂತ್ರವು ಹಲವರದು, ದಾಖಲೆಯು ಅವರವರದು ಎಂಬ ಸಿಂಪ್ಯೂಟರಿನ ತತ್ತ್ವವು ಆದಕಾರಣ ಇಂದಿಗೂ ವಿಚಾರಾರ್ಹವಾಗಿದೆ.